ಬೇರೆ ದೇಶದ ಬಡ ಮಕ್ಕಳಿಗೆ ನೋಟ್‌ಬುಕ್, ಪೆನ್ಸಿಲ್ ಸಂಗ್ರಹಿಸಿ ಕಳಿಸುವುದು ಹೇಗೆ?

“ಮನೆಯಲ್ಲಿ ಬಳಸದ ನೋಟ್‌ಬುಕ್ ಒಂದು ರಾಶಿ ಇದೆ. ಗೆಳೆಯರೂ ಕೊಡ್ತೀವಿ ಅಂತಿದ್ದಾರೆ. ಬೇರೆ ದೇಶದ ಬಡ ಮಕ್ಕಳಿಗೆ ತಲುಪಿಸಬೇಕು. ಎಲ್ಲಿಂದ ಶುರು ಮಾಡಲಿ?” ಈ ಪ್ರಶ್ನೆಯನ್ನು ತುಂಬಾ ಜನ ಕೇಳಿದ್ದೀರಿ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸಂಗ್ರಹಿಸುವುದು ಕಷ್ಟದ ಕೆಲಸವಲ್ಲ. ಮಕ್ಕಳ ಓದಿಗೆ ಅಂದರೆ ಜನ ಮನಸ್ಸು ತುಂಬಿ ಕೊಡುತ್ತಾರೆ. ಕಷ್ಟ ಬರುವುದು ಆಮೇಲೆ. ಬೇಡದ ಸಾಮಾನು ಗುಡ್ಡೆ ಬೀಳುತ್ತದೆ, ಸಾಗಣೆ ಖರ್ಚು ಕೈ ಕಚ್ಚುತ್ತದೆ, ಕೊನೆಗೆ ಪೆಟ್ಟಿಗೆ ಯಾವುದೋ ಬಂದರಿನಲ್ಲಿ ಕೂತುಬಿಡುತ್ತದೆ. ಅದಕ್ಕೇ ನಾನು ಹೇಳುವ ಕ್ರಮ ಸ್ವಲ್ಪ ತಿರುಗುಮುರುಗು ಅನ್ನಿಸಬಹುದು: ಮೊದಲು ಶಾಲೆ, ಆಮೇಲೆ ದಾರಿ, ಅದಾದ ಮೇಲೆ ಸಂಗ್ರಹ.

ಹಂತ 1: ಪಡೆಯುವ ಶಾಲೆಯ ಜೊತೆ ಮಾತಾಡಿ

“ಆಫ್ರಿಕಾದ ಮಕ್ಕಳಿಗೆ”, “ಬಡ ದೇಶಗಳ ಮಕ್ಕಳಿಗೆ” ಅಂತ ಹೊರಟರೆ ಸಾಮಾನು ಯಾರಿಗೂ ಸರಿಯಾಗಿ ತಲುಪುವುದಿಲ್ಲ. ಒಂದು ಶಾಲೆ, ಅಲ್ಲಿ ಮಾತಾಡಲು ಸಿಗುವ ಒಬ್ಬ ಶಿಕ್ಷಕರು ಅಥವಾ ಅಲ್ಲೇ ಕೆಲಸ ಮಾಡುವ ಒಂದು ನೋಂದಾಯಿತ ಸಂಸ್ಥೆ. ಇಷ್ಟು ಸಿಗುವವರೆಗೆ ಒಂದು ಪೆನ್ಸಿಲನ್ನೂ ಸಂಗ್ರಹಿಸಬೇಡಿ.

ಅವರು ಸಿಕ್ಕ ಮೇಲೆ “ಏನು ಬೇಕು?” ಅಂತ ಮಾತ್ರ ಕೇಳಿದರೆ ಸಾಲದು. ದಾಕ್ಷಿಣ್ಯಕ್ಕೆ “ಏನು ಕೊಟ್ಟರೂ ಸರಿ” ಅಂದುಬಿಡುತ್ತಾರೆ. ಬಿಡಿಸಿ ಬಿಡಿಸಿ ಕೇಳಿ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು? ಪಾಠ ಯಾವ ಭಾಷೆಯಲ್ಲಿ? ಪೆನ್ಸಿಲಿನಲ್ಲಿ ಬರೆಯುತ್ತಾರಾ, ಪೆನ್ನಿನಲ್ಲಾ, ಸ್ಲೇಟಿನ ಮೇಲಾ? ಹೋದ ವರ್ಷ ಮೊದಲು ಖಾಲಿಯಾದದ್ದು ಯಾವುದು? ಹತ್ತಿರದ ಪೇಟೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಬಂದ ಪೆಟ್ಟಿಗೆ ಇಡಲು ಮಳೆ, ಇಲಿ ತಾಗದ ಜಾಗ ಇದೆಯಾ?

ನೋಟ್‌ಬುಕ್ಕಿನ ಗೆರೆಯನ್ನೂ ಕೇಳಿ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಫ್ರೆಂಚ್ ಪದ್ಧತಿ ಉಳಿದಿರುವ ಪಶ್ಚಿಮ ಆಫ್ರಿಕಾದ ಶಾಲೆಗಳಲ್ಲಿ ಸೆಯೆಸ್ ಗೆರೆಯ ಪುಸ್ತಕ ಬಳಸುತ್ತಾರೆ. ಅದರಲ್ಲಿ 8 ಮಿಲಿಮೀಟರಿಗೊಂದು ಉದ್ದ ಗೆರೆ, ಅಡ್ಡಕ್ಕೆ 2 ಮಿಲಿಮೀಟರಿಗೊಂದು ಸಣ್ಣ ಗೆರೆ. ಅಕ್ಷರ ಎಷ್ಟು ಎತ್ತರ ಇರಬೇಕು ಅಂತ ಮಗು ಆ ಸಣ್ಣ ಗೆರೆ ನೋಡಿಕೊಂಡು ಕಲಿಯುತ್ತದೆ. ಅಂಥ ಮಗುವಿಗೆ ಅಗಲ ಗೆರೆಯ ಪುಸ್ತಕ ಕೊಟ್ಟರೆ ಬರೆಯುತ್ತದೆ ನಿಜ, ಆದರೆ ಟೀಚರ್ ಕಲಿಸುವ ಕ್ರಮಕ್ಕೆ ಅದು ಹೊಂದುವುದಿಲ್ಲ. ಅರಬಿ ಭಾಷೆಯಲ್ಲಿ ಕಲಿಯುವ ಮಕ್ಕಳು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅವರಿಗೆ ಎಡಗಡೆ ಮಾರ್ಜಿನ್ ಇರುವ ಪುಸ್ತಕ ಉಲ್ಟಾ. ಯುನಿಸೆಫ್‌ನವರು ತುರ್ತು ಪರಿಸ್ಥಿತಿಗೆ ಕಳಿಸುವ “ಸ್ಕೂಲ್ ಇನ್ ಎ ಬಾಕ್ಸ್” ಎಂಬ ಪೆಟ್ಟಿಗೆಯ ನೋಟ್‌ಬುಕ್‌ಗಳಿಗೆ ಮಾರ್ಜಿನ್ನೇ ಇರುವುದಿಲ್ಲ. ಯಾವ ಕಡೆಯಿಂದ ಬರೆಯುವ ಮಗುವಿಗೂ ಆಗಲಿ ಅಂತ.

ಆ ಪೆಟ್ಟಿಗೆ ನಮಗೆ ಒಳ್ಳೆಯ ಮಾದರಿ. ಒಬ್ಬ ಶಿಕ್ಷಕರು, 40 ಮಕ್ಕಳು ಅಂತ ಲೆಕ್ಕ ಹಾಕಿ ಅದನ್ನು ತುಂಬಿರುತ್ತಾರೆ. ಮಕ್ಕಳಿಗೆ ಪುಸ್ತಕ, ಪೆನ್ಸಿಲ್, ರಬ್ಬರ್, ಕತ್ತರಿ. ಶಿಕ್ಷಕರಿಗೆ ಗಂಟೆ ಕಲಿಸುವ ಮರದ ಗಡಿಯಾರ, ಎಣಿಸುವ ಘನಗಳು, ಚಿತ್ರಪಟ. ಪೆಟ್ಟಿಗೆಯ ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಕಪ್ಪು ಹಲಗೆ. ಶಿಕ್ಷಕರ ಸಾಮಾನೂ ಪಟ್ಟಿಯಲ್ಲಿ ಇರುವುದನ್ನು ಗಮನಿಸಿ. ನಾವು ಸಾಮಾನ್ಯವಾಗಿ ಮರೆಯುವುದು ಅದನ್ನೇ. ಚಾಕ್‌ಪೀಸ್, ಡಸ್ಟರ್, ಹಾಜರಿ ಪುಸ್ತಕ, ದೊಡ್ಡ ಸ್ಕೇಲ್ ಇಲ್ಲದೆ ಪಾಠ ನಡೆಯುವುದು ಹೇಗೆ?

ಶಾಲಾ ವರ್ಷ ಯಾವಾಗ ಶುರು ಅನ್ನುವುದನ್ನೂ ಬರೆದುಕೊಳ್ಳಿ. ಕೀನ್ಯಾ, ಟಾಂಜಾನಿಯಾಗಳಲ್ಲಿ ಜನವರಿ, ಉಗಾಂಡದಲ್ಲಿ ಸಾಮಾನ್ಯವಾಗಿ ಫೆಬ್ರವರಿ, ನೇಪಾಳದಲ್ಲಿ ಏಪ್ರಿಲ್. ಅದಕ್ಕೆ ಒಂದು ತಿಂಗಳು ಮುಂಚೆ ಸಾಮಾನು ಶಾಲೆಯಲ್ಲಿ ಇರಬೇಕು ಅಂತ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಹಂತ 2: ಸಾಮಾನು ಕಳಿಸಬೇಕಾ, ದುಡ್ಡು ಕಳಿಸಬೇಕಾ?

ಇದನ್ನು ಕೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆದರೂ ಕೇಳಲೇಬೇಕು. ಕಾಗದ ತುಂಬಾ ಭಾರದ ವಸ್ತು. 80 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಅಳತೆ. 100 ಹಾಳೆಯ ಪುಸ್ತಕ ಅಂದರೆ ಅರ್ಧ ಕಿಲೋ, ರಟ್ಟಿನ ತೂಕ ಬೇರೆ. 20 ಕಿಲೋಗೆ 40 ಪುಸ್ತಕವೂ ಬರುವುದಿಲ್ಲ. ಒಂದು ದೊಡ್ಡ ಸೂಟ್‌ಕೇಸ್ ತುಂಬ ಹೊತ್ತು ಹೋದರೂ ಒಂದು ತರಗತಿಗೆ ತಲೆಗೊಂದು ಪುಸ್ತಕ, ಅಷ್ಟೇ.

ಹಾಗಾಗಿ ಶಾಲೆಯ ಹತ್ತಿರದ ಪೇಟೆಯಲ್ಲಿ ನೋಟ್‌ಬುಕ್ ಸಿಗುತ್ತದೆ ಅಂತಾದರೆ, ಅದನ್ನು ಅಲ್ಲೇ ಕೊಳ್ಳಲು ದುಡ್ಡು ಕಳಿಸುವುದೇ ಮೇಲು. ಗೆರೆ ಸರಿ ಇರುತ್ತದೆ, ಕಸ್ಟಮ್ಸ್ ಗೋಜಿಲ್ಲ, ಅಲ್ಲಿನ ಅಂಗಡಿಯವರಿಗೂ ವ್ಯಾಪಾರ. ವಿಮಾನದಲ್ಲಿ ನೋಟ್‌ಬುಕ್ ಕಳಿಸಿದರೆ ಮೂಗಿಗಿಂತ ಮೂಗುತಿ ಭಾರ ಆಗಿಬಿಡುತ್ತದೆ.

ಇಲ್ಲಿಂದಲೇ ಕಳಿಸಲು ಯೋಗ್ಯವಾದವು ಹಗುರವಾಗಿದ್ದು, ಬೆಲೆ ಜಾಸ್ತಿ ಇದ್ದು, ಅಲ್ಲಿ ಸುಲಭಕ್ಕೆ ಸಿಗದ ವಸ್ತುಗಳು. ಒಳ್ಳೆಯ ಜಾಮಿಟ್ರಿ ಬಾಕ್ಸ್, ಸೋಲಾರ್ ಕ್ಯಾಲ್ಕುಲೇಟರ್, ಭೂತಗನ್ನಡಿ, ಕನ್ನಡಕ ಹಾಕುವ ಮಕ್ಕಳಿಗೆ ಗಟ್ಟಿ ಡಬ್ಬಿ, ದೃಷ್ಟಿದೋಷ ಇರುವ ಮಕ್ಕಳಿಗೆ ಬ್ರೈಲ್ ಸ್ಲೇಟು ಮತ್ತು ಅದರ ಮೊಳೆ. ಪೆನ್ಸಿಲ್ ಕೂಡ ಹಗುರ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಬಿಸಿಲಿಗೆ ಸೋರುವುದಿಲ್ಲ.

ದಾನಿಗಳಿಗೆ ಇದನ್ನು ನೇರವಾಗಿ ಹೇಳಿ. “ನೋಟ್‌ಬುಕ್ಕಿಗೆ ದುಡ್ಡು, ಜಾಮಿಟ್ರಿ ಬಾಕ್ಸಿಗೆ ವಸ್ತು” ಅಂತ ಎರಡು ಡಬ್ಬಿ ಇಟ್ಟರೂ ಆಯಿತು. ಹಣ ಹೊರದೇಶಕ್ಕೆ ಕಳಿಸಲು ಪ್ರತಿ ದೇಶಕ್ಕೂ ಅದರದೇ ನಿಯಮ ಇದೆ, ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ. ದುಡ್ಡು ಹೋಗಬೇಕಾದ್ದು ಸಂಸ್ಥೆಯ ಖಾತೆಗೆ. ವ್ಯಕ್ತಿಯ ಖಾತೆಗೆ ಬೇಡ.

ಹಂತ 3: ದಾರಿ ಗೊತ್ತು ಮಾಡಿಕೊಳ್ಳಿ

ಎಷ್ಟು ಸಂಗ್ರಹಿಸಬೇಕು ಅನ್ನುವುದನ್ನು ನಿಮ್ಮ ದಾರಿ ಹೇಳುತ್ತದೆ. ನಾಲ್ಕು ದಾರಿಗಳಿವೆ.

ಪ್ರಯಾಣಿಕರ ಲಗೇಜು: ಅಲ್ಲಿಗೇ ಹೋಗುತ್ತಿರುವ ನಂಬಿಕೆಯವರು ಇದ್ದರೆ ಇದು ಎಲ್ಲಕ್ಕಿಂತ ಸುಲಭ. ಸಾಮಾನ್ಯ ಟಿಕೆಟಿನಲ್ಲಿ ಹೆಚ್ಚಿನ ವಿಮಾನಗಳು ಒಂದು ಚೀಲಕ್ಕೆ 23 ಕಿಲೋ ಬಿಡುತ್ತವೆ. ಹೆಚ್ಚುವರಿ ಶುಲ್ಕ ಕಟ್ಟಿದರೂ ಒಂದೇ ಚೀಲ 32 ಕಿಲೋ ದಾಟುವಂತಿಲ್ಲ. ಕೆಲವು ವಿಮಾನ ಕಂಪನಿಗಳು ಸೇವಾ ಕೆಲಸಕ್ಕೆ ಒಂದು ಚೀಲ ಜಾಸ್ತಿ ಬಿಡುವುದುಂಟು. ಸಂಸ್ಥೆಯ ಪತ್ರ ಇಟ್ಟು, ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಕೌಂಟರಿನಲ್ಲಿ ಹೋಗಿ ಕೇಳಿದರೆ ಆಗುವುದಿಲ್ಲ. ಚೀಲದಲ್ಲಿ ಏನೇನಿದೆ ಅಂತ ಹೊರುವವರಿಗೆ ಪೂರ್ತಿ ತೋರಿಸಿ, ಅವರ ಕೈಯಿಂದಲೇ ಮುಚ್ಚಿಸಿ. ಯಾರೋ ಕೊಟ್ಟ, ತೆರೆದು ನೋಡದ ಪೊಟ್ಟಣ ಹೊತ್ತೊಯ್ಯುವುದು ಅವರಿಗೆ ದೊಡ್ಡ ಅಪಾಯ.

ಅಂಚೆ: ಸಣ್ಣ ಪ್ರಮಾಣಕ್ಕೆ ಒಳ್ಳೆಯದು. ಪಾರ್ಸೆಲಿನ ಮೇಲೆ ಸಿಎನ್ 23 ಎಂಬ ಕಸ್ಟಮ್ಸ್ ಘೋಷಣೆ ತುಂಬಬೇಕು, ಸಣ್ಣ ಪೊಟ್ಟಣಕ್ಕೆ ಸಿಎನ್ 22. ಬರೀ ಮುದ್ರಿತ ಪುಸ್ತಕಗಳಾದರೆ “ಎಂ ಬ್ಯಾಗ್” ಇದೆಯಾ ಅಂತ ಕೇಳಿ. ಒಂದೇ ವಿಳಾಸಕ್ಕೆ ಹೋಗುವ ಪುಸ್ತಕಗಳನ್ನು ಒಂದು ಚೀಲದಲ್ಲಿ ಹಾಕಿ ಕಳಿಸುವ ಅಂಚೆ ಸೌಲಭ್ಯ ಅದು.

ಕೊರಿಯರ್: ಬೇಗ ಹೋಗುತ್ತದೆ, ದುಬಾರಿ. ಇಲ್ಲಿ “ವಾಲ್ಯುಮೆಟ್ರಿಕ್ ತೂಕ” ಅನ್ನುವುದು ಗೊತ್ತಿರಲಿ. ಪೆಟ್ಟಿಗೆ ಹಿಡಿಯುವ ಜಾಗವನ್ನೇ ತೂಕವಾಗಿ ಲೆಕ್ಕ ಹಾಕುವ ಪದ್ಧತಿ ಇದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 60, 40, 40 ಸೆಂಟಿಮೀಟರಿನ ಪೆಟ್ಟಿಗೆಗೆ 19.2 ಕಿಲೋ ಬರುತ್ತದೆ. ಒಳಗೆ ಏಳೇ ಕಿಲೋ ಶಾಲಾ ಬ್ಯಾಗು ಇದ್ದರೂ ನೀವು ಕಟ್ಟುವುದು 19.2 ಕಿಲೋಗಿಂತ ಕಡಿಮೆ ಅಲ್ಲ. ಖಾಲಿ ಬ್ಯಾಗು ಕಳಿಸುವುದಾದರೆ ಅದರ ಹೊಟ್ಟೆಗೆ ಬೇರೆ ಸಾಮಾನು ತುಂಬಿ.

ಹಡಗು: ಸಾಮಾನು ತುಂಬಾ ಇದ್ದಾಗ ಮಾತ್ರ. ಇಡೀ ಕಂಟೇನರ್ ಬೇಕಾಗಿಲ್ಲ, ಬೇರೆಯವರ ಸಾಮಾನಿನ ಜೊತೆ ಜಾಗ ಹಂಚಿಕೊಳ್ಳಬಹುದು. ಇದನ್ನು ಎಲ್‌ಸಿಎಲ್ ಅನ್ನುತ್ತಾರೆ. ಒಂದು ಘನ ಮೀಟರ್ ಅಥವಾ 1000 ಕಿಲೋ, ಯಾವುದು ಜಾಸ್ತಿಯೋ ಅದರ ಮೇಲೆ ದರ. ವಾರಗಟ್ಟಲೆ ಹಿಡಿಯುತ್ತದೆ. ಬಂದರಿನಿಂದ ಶಾಲೆಯವರೆಗಿನ ಲಾರಿ ಬಾಡಿಗೆ ಬೇರೆ. ಅದನ್ನು ಮರೆತವರೇ ಹೆಚ್ಚು.

ಹಂತ 4: ಈಗ ಸಂಗ್ರಹ

ಪಟ್ಟಿ ಚಿಕ್ಕದಾಗಿರಲಿ. ಐದಾರು ವಸ್ತು ಸಾಕು. “ಶಾಲಾ ಸಾಮಗ್ರಿ ಕೊಡಿ” ಅಂದರೆ ಮನೆ ಗುಡಿಸಿದ್ದೆಲ್ಲ ಬರುತ್ತದೆ. “ಎಚ್‌ಬಿ ಪೆನ್ಸಿಲ್, ಡಜನ್ ಪ್ಯಾಕೆಟ್, ಹೊಸದು” ಅಂದರೆ ಅದೇ ಬರುತ್ತದೆ. ಬೇಡದ್ದರ ಪಟ್ಟಿಯನ್ನೂ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಶುರು ಮತ್ತು ಮುಕ್ತಾಯದ ದಿನ ಹೇಳಿ. ಎರಡು ಮೂರು ವಾರ ಸಾಕು. ಕೊನೆ ದಿನ ಆದ ಮೇಲೆ ಬಂದದ್ದನ್ನು ಪ್ರೀತಿಯಿಂದಲೇ ಬೇಡ ಅನ್ನಿ. ಸಂಗ್ರಹ ಡಬ್ಬಿಯ ಮೇಲೆ ಯಾವ ದೇಶದ ಯಾವ ಶಾಲೆಗೆ, ಎಷ್ಟು ಮಕ್ಕಳಿಗೆ, ಯಾವಾಗ ಹೋಗುತ್ತದೆ ಅಂತ ಬರೆದಿದ್ದರೆ ಜನ ಯೋಚಿಸಿ ಕೊಡುತ್ತಾರೆ. ಜೊತೆಗೆ ಸಾಗಣೆ ಖರ್ಚಿಗೂ ಒಂದು ಪಾಲು ಕೇಳಿ. ಇದರಲ್ಲಿ ಸಂಕೋಚ ಬೇಡ. ಸಾಗಣೆಗೆ ದುಡ್ಡಿಲ್ಲದೆ ಯಾರದೋ ಗ್ಯಾರೇಜಿನಲ್ಲಿ ಧೂಳು ತಿನ್ನುವ ಪೆನ್ಸಿಲಿನಿಂದ ಯಾವ ಮಗುವೂ ಬರೆಯುವುದಿಲ್ಲ.

ಹಂತ 5: ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ಪಡೆಯುವವರಿಗೆ ಹೇಳಿದ ಮಾತು ಅದು. ಕೊಡುವ ನಾವು ಎಣಿಸಲೇಬೇಕು. ನಾಲ್ಕೈದು ಜನ ಕೂತು, ಒಂದು ದಿನ ಪೂರ್ತಿ ಇದಕ್ಕೇ ಇಡಿ.

ಪೆನ್ನನ್ನು ಒಂದೊಂದಾಗಿ ಗೀಚಿ ನೋಡಿ. ಬರೆಯದಿದ್ದರೆ ಪಕ್ಕಕ್ಕೆ. ಅರ್ಧ ಬಳಸಿದ ನೋಟ್‌ಬುಕ್ ಬಂದರೆ, ಬರೆದ ಹಾಳೆ ಹರಿದು ಉಳಿದದ್ದು ಕಳಿಸೋಣ ಅನ್ನಿಸುತ್ತದೆ. ಮಾಡಬೇಡಿ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಮುಂದಿನ ಒಂದು ಹಾಳೆ ಹರಿದರೆ, ಹಿಂದೆ ಅದರ ಜೋಡಿ ಹಾಳೆ ಸಡಿಲವಾಗುತ್ತದೆ. ನಾಲ್ಕು ದಿನಕ್ಕೆ ಅದೂ ಉದುರುತ್ತದೆ. ಮಗುವಿನ ಪಾಠವೇ ಉದುರಿಹೋದಂತೆ. ಮೇಲಾಗಿ, ಬೇರೆ ಮಗುವಿನ ಹೆಸರು ಗೀಚಿ ಅಳಿಸಿದ ಪುಸ್ತಕವನ್ನು ನಮ್ಮ ಮಗುವಿಗೆ ಕೊಡುತ್ತೇವಾ?

ಇವನ್ನು ಪೂರ್ತಿ ಬಿಟ್ಟುಬಿಡಿ: ವೈಟ್‌ನರ್, ಘಾಟು ವಾಸನೆಯ ಗಮ್, ಸ್ಪ್ರೇ ಬಣ್ಣ. ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದಲ್ಲಿ ತೊಂದರೆ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್‌ಇನ್ ಚೀಲದಲ್ಲಿ ಹಾಕುವಂತಿಲ್ಲ. ಕತ್ತರಿ, ಕೈವಾರ ಇದಕ್ಕೆ ಉಲ್ಟಾ, ಅವು ಚೆಕ್‌ಇನ್ ಚೀಲದಲ್ಲೇ ಇರಬೇಕು. ಭೂಪಟ ಮತ್ತು ಗ್ಲೋಬ್ ಕಳಿಸುವ ಮುಂಚೆ ಅಲ್ಲಿನ ಶಿಕ್ಷಕರಿಗೆ ಫೋಟೊ ತೋರಿಸಿ. ಗಡಿ ವಿವಾದ ಇರುವ ಕಡೆ ತಪ್ಪು ಗೆರೆಯ ನಕ್ಷೆ ಜಪ್ತಿಯಾಗಬಹುದು. ಹಳೆ ಬಟ್ಟೆ, ಹಳೆ ಬೂಟು ಬೇಡವೇ ಬೇಡ. ಬಳಸಿದ ಬಟ್ಟೆಗೆ ಹಲವು ದೇಶಗಳಲ್ಲಿ ಬೇರೆಯೇ ನಿರ್ಬಂಧಗಳಿವೆ. ಅದೊಂದು ಜೊತೆ ಬೂಟಿನಿಂದ ಇಡೀ ಪೆಟ್ಟಿಗೆ ನಿಲ್ಲಬಹುದು.

ಹಂತ 6: ಪ್ಯಾಕಿಂಗ್

ಇಲ್ಲಿ ನಮ್ಮದೇ ಒಂದು ತಪ್ಪು ಹೇಳುತ್ತೇನೆ. ಒಮ್ಮೆ ಪ್ರತಿ ಮಗುವಿಗೂ ಒಂದು ಪೌಚ್ ಮಾಡಿದೆವು. ಪೆನ್ಸಿಲ್, ಬಿಳಿ ರಬ್ಬರ್, ಪ್ಲಾಸ್ಟಿಕ್ ಸ್ಕೇಲ್, ಕ್ರೇಯಾನ್ ಎಲ್ಲ ಒಟ್ಟಿಗೆ. ನೋಡಲು ಬಲು ಚಂದ. ತಲುಪಿದ ಮೇಲೆ ಅಲ್ಲಿನ ಶಿಕ್ಷಕಿ ಫೋಟೊ ಕಳಿಸಿದರು. ರಬ್ಬರ್ ಸ್ಕೇಲಿಗೆ ಅಂಟಿ, ಸ್ಕೇಲಿನ ಮೇಲೆ ಅದರ ಆಕಾರಕ್ಕೇ ಹಳ್ಳ ಬಿದ್ದಿತ್ತು. ಅಂಕಿ ಓದುವಂತಿರಲಿಲ್ಲ. ಕ್ರೇಯಾನ್‌ಗಳು ಕರಗಿ ಒಂದೇ ಗಟ್ಟಿಯಾಗಿದ್ದವು. ಬಿಳಿ ರಬ್ಬರುಗಳಲ್ಲಿ ಹೆಚ್ಚಿನವು ನಿಜಕ್ಕೂ ಪಿವಿಸಿ ಎಂಬ ಪ್ಲಾಸ್ಟಿಕ್. ಅದನ್ನು ಮೆತ್ತಗಿಡಲು ಹಾಕಿರುವ ಎಣ್ಣೆಯಂಥ ಪದಾರ್ಥ ಬೇರೆ ಪ್ಲಾಸ್ಟಿಕ್ಕಿಗೆ ತಗುಲಿದರೆ ಅದನ್ನು ಕರಗಿಸುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ರಬ್ಬರಿಗೆ ಸುತ್ತಿ ಬಂದಿರುವ ಕಾಗದದ ತೋಳು ಇರುವುದೇ ಇದಕ್ಕೆ. ಅದನ್ನು ತೆಗೆಯಬೇಡಿ, ರಬ್ಬರುಗಳನ್ನು ಬೇರೆಯಾಗಿಯೇ ಕಟ್ಟಿ. ಬಿಸಿಲು ನಾಡಿಗೆ ಮೇಣದ ಕ್ರೇಯಾನ್ ಬದಲು ಮರದ ಬಣ್ಣದ ಪೆನ್ಸಿಲ್ ಕಳಿಸಿ.

ಆಗಿನಿಂದ ನಾವು ಪೌಚ್ ಮಾಡುವುದನ್ನೇ ಬಿಟ್ಟೆವು. ಒಂದೇ ಬಗೆಯ ವಸ್ತು ಒಂದೇ ಪೆಟ್ಟಿಗೆಗೆ. ಕಸ್ಟಮ್ಸ್‌ನವರಿಗೆ ತೆರೆದು ಎಣಿಸುವುದು ಸುಲಭ, ಶಾಲೆಗೂ ಹಂಚುವುದು ಸುಲಭ.

ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ ಸಾಕು, 15 ಕಿಲೋ ಒಳಗೆ. ದೊಡ್ಡ ಪೆಟ್ಟಿಗೆಗೆ ಕಾಗದ ತುಂಬಿದರೆ ಎತ್ತುವಾಗ ತಳ ಕಳಚುತ್ತದೆ. ತಳಕ್ಕೆ ಎರಡು ಸಾಲು ಟೇಪು ಹಾಕಿ, ಒಳಗೆ ತೇವ ತಡೆಯುವ ಹಾಳೆ ಹಾಸಿ. ಹೊರಗೆ ನಂಬರ್ ಬರೆಯಿರಿ: 3/12 ಅಂದರೆ ಹನ್ನೆರಡರಲ್ಲಿ ಮೂರನೆಯದು. ಬ್ರ್ಯಾಂಡ್ ಹೆಸರಿನ ಪೆಟ್ಟಿಗೆ ಬಳಸಬೇಡಿ, ಟಿವಿ ಚಿತ್ರ ಇರುವ ಡಬ್ಬಿ ದಾರಿಯಲ್ಲಿ ಕಳುವಾಗುವುದು ಜಾಸ್ತಿ.

ಎರಡು ಎಚ್ಚರಿಕೆ. ಹಡಗಿಗೆ ಮರದ ಪೆಟ್ಟಿಗೆ ಅಥವಾ ಹಲಗೆ ಬಳಸಿದರೆ ಅದರ ಮೇಲೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದೊಳಗಿನ ಹುಳ ಸಾಯಲು ಸಂಸ್ಕರಿಸಿದ್ದಾರೆ ಅನ್ನುವ ಗುರುತು ಅದು. ಕಾಯಿಸಿ ಸಂಸ್ಕರಿಸುವುದಾದರೆ ಮರದ ತಿರುಳಿಗೂ 56 ಡಿಗ್ರಿ ಬಿಸಿ 30 ನಿಮಿಷ ತಾಗಿರಬೇಕು. ಇನ್ನೊಂದು, ಪ್ಲಾಸ್ಟಿಕ್ ಕವರ್. ರುವಾಂಡ 2008ರಲ್ಲಿ, ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿವೆ. ಹಂಚಲು ಬಟ್ಟೆ ಚೀಲ ಇಟ್ಟುಕೊಳ್ಳಿ.

ಹಂತ 7: ಕಾಗದಪತ್ರ

ಎಲ್ಲಕ್ಕಿಂತ ಹೆಚ್ಚು ಸಾಮಾನು ಕೆಟ್ಟುಹೋಗುವುದು ಈ ಹಂತದಲ್ಲಿ ಅನ್ನುವುದು ನನ್ನ ಅನುಭವ. “ದಾನ ತಾನೇ, ಸುಮ್ನೆ ಬಿಡ್ತಾರೆ” ಅನ್ನುವ ನಂಬಿಕೆಯನ್ನು ಮೊದಲು ತೆಗೆದುಹಾಕಿ. ಕಸ್ಟಮ್ಸ್‌ಗೆ ಅದು ಆಮದು, ಅಷ್ಟೇ. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ ಆದಾಗ, ಅಂಥ ತುರ್ತಿನಲ್ಲೂ ನೆರವಿನ ಸಾಮಗ್ರಿ ಕಠ್ಮಂಡು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕೂತಿತ್ತು. ನಿಯಮ ಸಡಿಲಿಸಿ ಅಂತ ವಿಶ್ವಸಂಸ್ಥೆಯೇ ಕೇಳಬೇಕಾಯಿತು. ನಮ್ಮ ಹನ್ನೆರಡು ಪೆಟ್ಟಿಗೆ ಯಾವ ಲೆಕ್ಕ?

ಮೊದಲು ಬೇಕಾದ್ದು ಸುಂಕ ವಿನಾಯಿತಿ ಪತ್ರ, ಅಂದರೆ ಆಮದು ತೆರಿಗೆ ಬೇಡ ಅನ್ನುವ ಆ ದೇಶದ ಸರ್ಕಾರದ ಪತ್ರ. ಹಲವು ದೇಶಗಳಲ್ಲಿ ಇದು ಅಲ್ಲಿನ ನೋಂದಾಯಿತ ಸಂಸ್ಥೆಗೆ ಮಾತ್ರ ಸಿಗುತ್ತದೆ, ಅದೂ ಮೊದಲೇ ಅರ್ಜಿ ಹಾಕಿದರೆ. ಪತ್ರದ ಪ್ರತಿ ಕೈಗೆ ಬರುವವರೆಗೆ ಪೆಟ್ಟಿಗೆ ಹೊರಡಬಾರದು.

“ಶೈಕ್ಷಣಿಕ ಸಾಮಗ್ರಿಗೆ ಅಂತರರಾಷ್ಟ್ರೀಯ ವಿನಾಯಿತಿ ಇದೆಯಲ್ಲ?” ಅಂತ ಕೆಲವರು ಕೇಳುತ್ತೀರಿ. ಇದೆ. ಯುನೆಸ್ಕೊದ 1950ರ ಫ್ಲಾರೆನ್ಸ್ ಒಪ್ಪಂದಕ್ಕೆ ಸೇರಿದ ದೇಶಗಳು ಮುದ್ರಿತ ಪುಸ್ತಕಗಳಿಗೆ ಸುಂಕ ಹಾಕುವುದಿಲ್ಲ. ಆದರೆ ಸ್ಟೇಷನರಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಕಥೆ ಪುಸ್ತಕಕ್ಕೆ ಅನುಕೂಲ ಇದೆ, ಖಾಲಿ ನೋಟ್‌ಬುಕ್ಕಿಗೆ ಇಲ್ಲ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಲು ಇದೂ ಒಂದು ಕಾರಣ.

ಆಮೇಲೆ ಮೂರು ಕಾಗದ. ದಾನ ಪತ್ರ: ಯಾರು, ಯಾರಿಗೆ, ಯಾಕೆ, ಮಾರಾಟಕ್ಕಲ್ಲ ಅನ್ನುವ ಮಾತು. ಪ್ಯಾಕಿಂಗ್ ಲಿಸ್ಟ್: ಪ್ರತಿ ಪೆಟ್ಟಿಗೆಯ ನಂಬರ್, ವಸ್ತು, ಎಷ್ಟು, ತೂಕ. ಪ್ರೊಫಾರ್ಮಾ ಇನ್‌ವಾಯ್ಸ್: ಮಾರಾಟ ಇಲ್ಲದಿದ್ದರೂ ಕಸ್ಟಮ್ಸ್‌ಗಾಗಿ ಬೆಲೆ ತೋರಿಸುವ ಪಟ್ಟಿ. ಇದರಲ್ಲಿ ಬೆಲೆ ಸೊನ್ನೆ ಅಂತ ಬರೆಯಬೇಡಿ. ತುಂಬಾ ಜನ ಇಲ್ಲೇ ಎಡವುತ್ತಾರೆ. ಸೊನ್ನೆ ಕಂಡರೆ ಅನುಮಾನ ಬಂದು ಅವರೇ ಬೆಲೆ ಕಟ್ಟುತ್ತಾರೆ. ಪ್ರಾಮಾಣಿಕವಾದ ಬೆಲೆ ಬರೆದು, “ವಾಣಿಜ್ಯ ಉದ್ದೇಶಕ್ಕಲ್ಲ, ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ” ಅಂತ ಸೇರಿಸಿ. ಮೂರೂ ಕಾಗದ ಆ ದೇಶದ ಕಸ್ಟಮ್ಸ್ ಒಪ್ಪುವ ಭಾಷೆಯಲ್ಲಿ ಇರಬೇಕು.

ಪ್ರತಿ ವಸ್ತುವಿನ ಮುಂದೆ ಎಚ್‌ಎಸ್ ಕೋಡ್ ಇದ್ದರೆ ಕೆಲಸ ಬೇಗ ಆಗುತ್ತದೆ. ಸರಕನ್ನು ಗುರುತಿಸಲು ದೇಶಗಳು ಬಳಸುವ ಸಂಖ್ಯೆ ಅದು. ನೋಟ್‌ಬುಕ್ 4820, ಬಾಲ್ ಪೆನ್ 9608, ಪೆನ್ಸಿಲ್, ಕ್ರೇಯಾನ್, ಚಾಕ್‌ಪೀಸ್ 9609, ಸ್ಲೇಟು 9610, ಬ್ಯಾಗು 4202, ಮುದ್ರಿತ ಪುಸ್ತಕ 4901. ಮುಂದಿನ ಅಂಕಿಗಳನ್ನು ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟ್ ನೋಡಿಕೊಳ್ಳುತ್ತಾರೆ.

ಸಾಮಾನು ಬಿಡಿಸಿಕೊಳ್ಳುವ ಜವಾಬ್ದಾರಿ ಯಾರದು ಅನ್ನುವುದು ಬರವಣಿಗೆಯಲ್ಲಿರಲಿ. ಬಂದರಿನಲ್ಲಿ ಕೆಲವು ದಿನ ಬಿಟ್ಟಿ, ಆಮೇಲೆ ದಿನಕ್ಕಿಷ್ಟು ಅಂತ ಡೆಮರೇಜ್ ಬೀಳುತ್ತದೆ, ಅಂದರೆ ತಡಕ್ಕೆ ಕಟ್ಟುವ ಬಾಡಿಗೆ. ಆ ಬಿಲ್ಲು ಬಡ ಶಾಲೆಯ ಹೆಗಲಿಗೆ ಬೀಳಬಾರದು. ಅದಕ್ಕಾಗಿಯೇ ಸ್ವಲ್ಪ ದುಡ್ಡು ಬೇರೆ ತೆಗೆದಿಡಿ.

ಹಂತ 8: ತಲುಪಿದ ಮೇಲೆ

ಪೆಟ್ಟಿಗೆ ತೆರೆಯುವಾಗ ಶಾಲೆಯ ಇಬ್ಬರು ಇದ್ದು, ಪ್ಯಾಕಿಂಗ್ ಲಿಸ್ಟ್ ಹಿಡಿದು ಎಣಿಸಿ ಸಹಿ ಹಾಕಲಿ. ದಾನಿಗಳಿಗೆ ತೋರಿಸಲು ಆ ಒಂದು ಹಾಳೆ ಸಾಕು.

ಹಂಚುವುದನ್ನು ಶಿಕ್ಷಕರಿಗೇ ಬಿಡಿ. ನೀವು ಅಲ್ಲಿಗೆ ಹೋದರೂ ಬೀದಿಯಲ್ಲಿ ನಿಂತು ಮಕ್ಕಳ ಕೈಗೆ ಪೆನ್ನು ಹಂಚಬೇಡಿ. ಜೋರಿದ್ದವರಿಗೆ ಮೂರು ಸಿಗುತ್ತದೆ, ಹಿಂದೆ ನಿಂತ ಚಿಕ್ಕವರಿಗೆ ಏನೂ ಇಲ್ಲ. ನಾಳೆ ಬರುವ ಪ್ರವಾಸಿಗರ ಮುಂದೆಯೂ ಕೈ ಚಾಚುವ ಅಭ್ಯಾಸ ಆಗುತ್ತದೆ. ಸಾಮಾನು ಎಲ್ಲರಿಗೂ ಸಾಲದಿದ್ದರೆ ಮಕ್ಕಳಿಗೆ ಕೊಡುವ ಬದಲು ತರಗತಿಯ ಕಪಾಟಿನಲ್ಲಿ ಇಟ್ಟು ಎಲ್ಲರೂ ಬಳಸಲಿ.

ಫೋಟೊ ಬೇಕು ಅಂತ ದಾನಿಗಳು ಕೇಳುತ್ತಾರೆ. ಹೆತ್ತವರು ಮತ್ತು ಶಾಲೆ ಒಪ್ಪದೆ ಮಕ್ಕಳ ಮುಖ ತೆಗೆಯಬೇಡಿ, ಹೆಸರು ಹಾಕಬೇಡಿ. ಕೈಯಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಿರುವ ಚಿತ್ರ, ತುಂಬಿದ ಕಪಾಟಿನ ಚಿತ್ರ ಸಾಕು. ಉಡುಗೊರೆ ಹಿಡಿದು ಸಾಲಾಗಿ ನಿಲ್ಲಿಸುವುದು ಬೇಡ.

ಮೂರು ತಿಂಗಳು ಬಿಟ್ಟು ಶಿಕ್ಷಕರಿಗೆ ಮತ್ತೆ ಫೋನ್ ಮಾಡಿ. ಯಾವುದು ಮೊದಲು ಮುಗಿಯಿತು, ಯಾವುದು ಇನ್ನೂ ಪೆಟ್ಟಿಗೆಯಲ್ಲೇ ಇದೆ ಅಂತ ಕೇಳಿ ಬರೆದುಕೊಳ್ಳಿ. ಮುಂದಿನ ಸಲದ ಪಟ್ಟಿಯನ್ನು ಅಲ್ಲಿಂದ ಶುರು ಮಾಡಿ.